ವಿದೇಶದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಲೇ ವೃತ್ತಿ ಕಟ್ಟಿಕೊಳ್ಳುವುದು ಹೇಗೆ

ರಾತ್ರಿ ಒಂದೂವರೆ ಗಂಟೆ. ಹೋಟೆಲ್‌ನ ರಿಸೆಪ್ಶನ್‌ನಲ್ಲಿ ನಾನು ಟ್ರೈನಿ, ಪಕ್ಕದಲ್ಲಿ ನೈಟ್ ಮ್ಯಾನೇಜರ್. ವಿಮಾನ ತಡವಾಗಿ ಇಳಿದ ಒಂದು ಕುಟುಂಬ ಒಳಗೆ ಬಂತು. ಅಪ್ಪನ ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಅವರ ಬುಕಿಂಗ್ ಸರಿಯಾಗಿಯೇ ಇತ್ತು, ಆದರೆ ಹೋಟೆಲ್ ಓವರ್‌ಬುಕ್ ಆಗಿ ಕೊಡಲು ಒಂದು ಕೋಣೆಯೂ ಉಳಿದಿರಲಿಲ್ಲ. ನನ್ನ ನಾಲಿಗೆ ಒಣಗಿತು. ಮ್ಯಾನೇಜರ್ ಕೌಂಟರ್ ಬಿಟ್ಟು ಹೊರಗೆ ಬಂದರು, ಆ ಅಪ್ಪನ ಕೈಲಿದ್ದ ಬ್ಯಾಗನ್ನು ತಾವೇ ಇಸಿದುಕೊಂಡರು, "ನಿಮಗೆ ಕೊಡಬೇಕಾದ ಕೋಣೆ ಇವತ್ತು ನಮ್ಮಲ್ಲಿಲ್ಲ. ತಪ್ಪು ನಮ್ಮದು" ಎಂದರು. ಪಕ್ಕದ ಬೀದಿಯ ಹೋಟೆಲ್‌ನಲ್ಲಿ ಹನ್ನೊಂದು ಗಂಟೆಗೇ ಕೋಣೆ ಹಿಡಿದಿಟ್ಟಿದ್ದರು. ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಅಲ್ಲಿ ಯಾರನ್ನು ಕೇಳಬೇಕು ಎಂದು ಒಂದು ಕಾರ್ಡಿನ ಮೇಲೆ ಹೆಸರು ಬರೆದಿಟ್ಟಿದ್ದರು. ಖರ್ಚೆಲ್ಲ ನಮ್ಮದೇ. ಐದು ನಿಮಿಷದಲ್ಲಿ ಆ ಕುಟುಂಬ ಹೊರಟಿತು, ದನಿ ಏರಿಸದೆ.

ಓವರ್‌ಬುಕಿಂಗ್ ಬಗ್ಗೆ ಇಡೀ ಒಂದು ಅಧ್ಯಾಯ ಓದಿ ಪರೀಕ್ಷೆ ಬರೆದಿದ್ದವನು ನಾನು. ಆದರೆ ಬ್ಯಾಗನ್ನು ಮೊದಲು ಇಸಿದುಕೊಳ್ಳಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ಅಂಥದ್ದನ್ನು ಕಲಿಸುವವರ ಪಕ್ಕ ನಿಲ್ಲಬೇಕು, ಮತ್ತು ವಿದೇಶಿ ವಿದ್ಯಾರ್ಥಿಗೆ ಹಾಗೆ ನಿಲ್ಲಲು ಸಿಗುವ ಸಮಯವನ್ನು ವೀಸಾ ಅಳೆದು ಕೊಡುತ್ತದೆ. ಆ ಅಳತೆಯ ಗಂಟೆಗಳನ್ನು ಎಲ್ಲಿ, ಯಾರ ಬಳಿ ಕಳೆಯಬೇಕು ಎಂಬುದೇ ಈ ಲೇಖನದ ವಿಷಯ.

ಹೆಜ್ಜೆ 1: ಕಾಲೇಜು ಹುಡುಕುವಾಗ ಇಂಟರ್ನ್‌ಶಿಪ್ ಮೊದಲು ನೋಡಿ

ಈ ಕ್ಷೇತ್ರದ ಹಳೆಯ ಹೆಸರುಗಳು ಎಲ್ಲರಿಗೂ ಗೊತ್ತು. ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ 1893ರಲ್ಲಿ ಶುರುವಾದ ಹೋಟೆಲ್ ಶಾಲೆ ಇವತ್ತು ಇಎಚ್‌ಎಲ್ ಎಂಬ ಹೆಸರಿನಲ್ಲಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಆಡಳಿತದ ಕೋರ್ಸ್ 1922ರಿಂದ ಇದೆ. ಸ್ವಿಟ್ಜರ್ಲೆಂಡಿನಲ್ಲೇ ಗ್ಲಿಯಾನ್, ಲೆ ರೋಶ್ ಇವೆ. ನೆದರ್‌ಲೆಂಡ್ಸ್‌ನಲ್ಲಿ ಹೋಟೆಲ್‌ಸ್ಕೂಲ್ ದ ಹೇಗ್ ಇದೆ. ಇವುಗಳ ಶುಲ್ಕ ಎಲ್ಲರ ಕೈಗೆಟಕುವಂಥದ್ದಲ್ಲ. ಎಟಕದಿದ್ದರೆ ಎದೆಗುಂದಬೇಕಿಲ್ಲ. ಯಾವ ಕಾಲೇಜೇ ಆಗಲಿ, ಅರ್ಜಿ ಹಾಕುವ ಮೊದಲು ಇಷ್ಟನ್ನು ಇಮೇಲ್‌ನಲ್ಲಿ ಕೇಳಿ: ಕೋರ್ಸ್‌ನೊಳಗೇ ಇಂಟರ್ನ್‌ಶಿಪ್ ಇದೆಯೇ, ಎಷ್ಟು ತಿಂಗಳು, ಸಂಬಳ ಉಂಟೇ, ಜಾಗ ಹುಡುಕಿಕೊಡುವವರು ಕಾಲೇಜಿನವರೋ ನೀವೋ, ಕಳೆದ ವರ್ಷ ವಿದೇಶಿ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸ ಮಾಡಿದರು. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಓದಿ. ಹೋಟೆಲ್‌ಗಳ ಹೆಸರು ಹೇಳದೆ "ಉತ್ತಮ ಅವಕಾಶಗಳಿವೆ" ಎಂದಷ್ಟೇ ಬರೆದರೆ ಆ ಕಾಲೇಜನ್ನು ನಾನಾದರೆ ಪಟ್ಟಿಯಿಂದ ತೆಗೆಯುತ್ತೇನೆ.

ಏಜೆಂಟ್ ಮೂಲಕ ಹೋಗುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಬಹುಪಾಲು ಏಜೆಂಟರಿಗೆ ಕಮಿಷನ್ ಕೊಡುವುದು ಕಾಲೇಜು. ಹಾಗಾಗಿ ಅವರು ಹೇಳಿದ್ದನ್ನು ಸರ್ಕಾರಿ ಪಟ್ಟಿಯಲ್ಲಿ ನೀವೇ ತಾಳೆ ನೋಡಬೇಕು. ಆಸ್ಟ್ರೇಲಿಯಾಕ್ಕೆ ಕ್ರೈಕೋಸ್ ಪಟ್ಟಿ, ಕೆನಡಾಕ್ಕೆ ಡಿಎಲ್‌ಐ ಪಟ್ಟಿ, ಬ್ರಿಟನ್‌ಗೆ ಸ್ಟೂಡೆಂಟ್ ಸ್ಪಾನ್ಸರ್‌ಗಳ ರಿಜಿಸ್ಟರ್, ಅಮೆರಿಕಕ್ಕೆ ಎಸ್‌ಇವಿಪಿ ಮಾನ್ಯತೆ. ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಜರ್ಮನಿಯ ದಾರಿಯೇ ಬೇರೆ, ಮತ್ತು ಹಣದ ಅಡಚಣೆ ಇರುವವರು ಅದನ್ನು ಗಂಭೀರವಾಗಿ ಯೋಚಿಸಬೇಕು. ಅಲ್ಲಿ ಔಸ್‌ಬಿಲ್ಡುಂಗ್ ಎಂಬ ವೃತ್ತಿ ತರಬೇತಿ ಇದೆ. ಹೋಟೆಲ್ ಕೆಲಸದ ತರಬೇತಿ ಸಾಮಾನ್ಯವಾಗಿ 3 ವರ್ಷ. ಹೋಟೆಲ್‌ನಲ್ಲಿ ಕೆಲಸ, ಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ, ಮತ್ತು ಮೊದಲ ತಿಂಗಳಿನಿಂದಲೇ ಹೋಟೆಲ್‌ನಿಂದ ಭತ್ಯೆ. ಆದರೆ ಜರ್ಮನ್ ಭಾಷೆ ಬರಲೇಬೇಕು. ಭಾಷೆಯ ಮಧ್ಯಮ ಹಂತವಾದ ಬಿ1 ಮಟ್ಟಕ್ಕಿಂತ ಕಡಿಮೆಯಾದರೆ ಅತಿಥಿಯೂ ಅರ್ಥವಾಗುವುದಿಲ್ಲ, ಪಾಠವೂ ಅರ್ಥವಾಗುವುದಿಲ್ಲ.

ಹೆಜ್ಜೆ 2: ಓದು ಮುಗಿದ ಮೇಲಿನ ವೀಸಾ ಓದುವ ಮೊದಲೇ ಗೊತ್ತಿರಲಿ

ಹೆಚ್ಚಿನವರು ಎಡವುವುದು ಇಲ್ಲೇ. ಪ್ರವೇಶ ಸಿಕ್ಕಿತು ಎಂಬ ಸಂಭ್ರಮದಲ್ಲಿ, ಎರಡು ವರ್ಷದ ನಂತರ ಏನು ಎಂಬುದನ್ನು ಯಾರೂ ಕೇಳುವುದಿಲ್ಲ.

ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕಾಲೇಜು ಡಿಪ್ಲೊಮಾ ಓದುವವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಸಿಗಬೇಕಾದರೆ ಅವರ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ವಿಶ್ವವಿದ್ಯಾಲಯದ ಪದವಿ ಓದುವವರಿಗೆ ಈ ವಿಷಯದ ಷರತ್ತಿಲ್ಲ. ಅಂದರೆ ಒಂದೇ ಊರಿನಲ್ಲಿ, ಒಂದೇ ಹೋಟೆಲ್ ವಿಷಯವನ್ನು ಓದಿದ ಇಬ್ಬರಲ್ಲಿ ಒಬ್ಬರಿಗೆ ಪರ್ಮಿಟ್ ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಹೋಗಬಹುದು. ಶುಲ್ಕ ಕಟ್ಟುವ ಮುನ್ನ ನಿಮ್ಮ ಕೋರ್ಸ್‌ನ ಸಿಐಪಿ ಕೋಡ್ (ಓದುವ ವಿಷಯವನ್ನು ಗುರುತಿಸುವ ಸಂಖ್ಯೆ) ಯಾವುದು ಎಂದು ಕಾಲೇಜಿನಿಂದ ಬರವಣಿಗೆಯಲ್ಲಿ ತರಿಸಿಕೊಂಡು ಆ ಪಟ್ಟಿಯಲ್ಲಿ ಹುಡುಕಿ.

ಬ್ರಿಟನ್‌ನ ಗ್ರಾಜುಯೇಟ್ ವೀಸಾ ಪದವಿ, ಮಾಸ್ಟರ್ಸ್ ಮುಗಿಸಿದವರಿಗೆ 2 ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಆ ಮೇಲೆ ಬೇಕಾಗುವ ಸ್ಕಿಲ್ಡ್ ವರ್ಕರ್ ಎಂಬ ಉದ್ಯೋಗ ವೀಸಾದ ಮಟ್ಟವನ್ನು 2025ರ ಜುಲೈನಲ್ಲಿ ಪದವಿ ಮಟ್ಟದ ಹುದ್ದೆಗಳಿಗೆ ಏರಿಸಿದರು. ಹೊಸದಾಗಿ ಬರುವವರಿಗೆ ಷೆಫ್ ಹುದ್ದೆ ಅದರಿಂದ ಹೊರಬಿತ್ತು. ಬ್ರಿಟನ್‌ನಲ್ಲಿ ಕಿಚನ್ ವೃತ್ತಿ ಮಾಡುವ ಆಸೆಯಿಂದ ಹೊರಟವರು ಇದನ್ನು ತಿಳಿದೇ ಹೊರಡಬೇಕು. ಅಮೆರಿಕದಲ್ಲಿ ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದಿನ ನಂತರ 12 ತಿಂಗಳ ಒಪಿಟಿ ಇದೆ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ. ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಸಾಮಾನ್ಯ ಹೋಟೆಲ್ ಕೋರ್ಸ್‌ಗಳಿಗೆ ಅನ್ವಯಿಸುವುದಿಲ್ಲ. ಜರ್ಮನಿಯಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಸೀನಿಯರ್‌ಗಳು ಹೇಳಿದ್ದು ಅವರ ಕಾಲಕ್ಕೆ ಸರಿ ಇದ್ದಿರಬಹುದು. ವಲಸೆ ಇಲಾಖೆಯ ಜಾಲತಾಣವನ್ನು ಪ್ರತಿ ಸೆಮಿಸ್ಟರ್ ಶುರುವಿಗೆ ಒಮ್ಮೆ ತೆರೆದು ಓದಿ.

ಹೆಜ್ಜೆ 3: ಗಂಟೆಗಳ ಲೆಕ್ಕ ನೀವೇ ಇಡಿ

ವಿದ್ಯಾರ್ಥಿ ವೀಸಾದ ಮೇಲೆ ಹೆಚ್ಚೆಂದರೆ ಎಷ್ಟು ಹೊತ್ತು ಕೆಲಸ ಮಾಡಬಹುದು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಮಿತಿ. ಬ್ರಿಟನ್‌ನಲ್ಲಿ ಪದವಿ ವಿದ್ಯಾರ್ಥಿಗೆ ತರಗತಿ ನಡೆಯುವ ವಾರದಲ್ಲಿ 20 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24. ಐರ್ಲೆಂಡಿನಲ್ಲಿ ವಾರಕ್ಕೆ 20, ನಿಗದಿತ ರಜೆಯ ತಿಂಗಳುಗಳಲ್ಲಿ 40. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಸ್ವಿಟ್ಜರ್ಲೆಂಡಿನಲ್ಲಿ ಯುರೋಪಿನ ಹೊರಗಿನ ವಿದ್ಯಾರ್ಥಿಗೆ ಮೊದಲ 6 ತಿಂಗಳು ಕಳೆದ ಮೇಲೆ ವಾರಕ್ಕೆ 15. ಅಮೆರಿಕದಲ್ಲಿ ತರಗತಿ ಇರುವಾಗ ಕ್ಯಾಂಪಸ್ ಒಳಗಷ್ಟೇ, ಅದೂ 20.

ಆಸ್ಟ್ರೇಲಿಯಾದ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಾಣರೂ ಅಲ್ಲಿ ತಪ್ಪುತ್ತಾರೆ. ಹದಿನೈದು ದಿನಕ್ಕೊಮ್ಮೆ ಎಂದು ಬಾಯಿಮಾತಿನಲ್ಲಿ ಹೇಳುವ ಆ ಅವಧಿ ಕಾನೂನಿನಲ್ಲಿ ಯಾವುದೇ ಸೋಮವಾರದಿಂದ ಶುರುವಾಗುವ 14 ದಿನ. ಮಿತಿ 48 ಗಂಟೆ. ಮೊದಲ ವಾರ 20 ಗಂಟೆ, ಎರಡನೇ ವಾರ 28 ಗಂಟೆ ಮಾಡಿದಿರಿ ಎಂದುಕೊಳ್ಳಿ. ಒಟ್ಟು 48, ಸರಿ. ಮೂರನೇ ವಾರ 24, ನಾಲ್ಕನೇ ವಾರ 24. ಇದೂ 48, ಸರಿ ಎಂದೇ ಅನಿಸುತ್ತದೆ. ಆದರೆ ಎರಡನೇ ಮತ್ತು ಮೂರನೇ ವಾರ ಕೂಡಿಸಿದರೆ 52. ಅಲ್ಲಿಗೆ ಷರತ್ತು ಮುರಿದಂತಾಯಿತು. ಹಾಗಾಗಿ ಪ್ರತಿ ವಾರ ರೋಸ್ಟರ್ (ಯಾರಿಗೆ ಯಾವ ಶಿಫ್ಟ್ ಎಂಬ ಪಟ್ಟಿ) ಬಂದ ಕೂಡಲೇ ಹಿಂದಿನ ವಾರದ ಜೊತೆ ಕೂಡಿಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ. "ಇನ್ನೆರಡು ಗಂಟೆ ಇರ್ತೀಯಾ?" ಎಂದು ಸೂಪರ್‌ವೈಸರ್ ಕೇಳಿದಾಗ ಇಲ್ಲ ಎನ್ನಲು ಸಂಕೋಚವಾಗುತ್ತದೆ. "ನನ್ನ ವೀಸಾದಲ್ಲಿ ಈ ವಾರ ಇಷ್ಟೇ ಗಂಟೆ" ಎಂದರೆ ಒಳ್ಳೆಯ ಸೂಪರ್‌ವೈಸರ್ ಮರುಮಾತಾಡುವುದಿಲ್ಲ.

ಬ್ರಿಟನ್‌ನಲ್ಲಿ ಇನ್ನೊಂದು ಬಲೆ: ವಿದ್ಯಾರ್ಥಿ ವೀಸಾದವರು ಸ್ವಯಂ ಉದ್ಯೋಗ ಮಾಡುವಂತಿಲ್ಲ. ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ಸಾಮಾನ್ಯವಾಗಿ ಸ್ವಯಂ ಉದ್ಯೋಗದ ಲೆಕ್ಕಕ್ಕೇ ಬರುತ್ತದೆ. ಒಂದೇ ಗಂಟೆ ಮಾಡಿದರೂ ತಪ್ಪೇ.

ಕೈಯಲ್ಲಿ ನಗದು ಕೊಡುತ್ತೇನೆ, ಲೆಕ್ಕಕ್ಕೆ ಬೇಡ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ನಾನೂ ಒಂದು ರೆಸ್ಟೋರೆಂಟ್‌ನಲ್ಲಿ ಐದು ವಾರ ಹಾಗೆ ಮಾಡಿದೆ. ಆರನೇ ವಾರ ಸಂಬಳ ನಿಂತಿತು. ಕೇಳಿದ್ದಕ್ಕೆ "ನೀನು ಇಲ್ಲಿ ಕೆಲಸ ಮಾಡಿದ್ದೀಯ ಅನ್ನೋದಕ್ಕೆ ಸಾಕ್ಷಿ ಏನು?" ಎಂಬ ಉತ್ತರ. ಕೈಲಿ ಪೇ ಸ್ಲಿಪ್ ಇರಲಿಲ್ಲ, ರೋಸ್ಟರ್‌ನ ಫೋಟೋ ಇರಲಿಲ್ಲ. ಹೋದ ದುಡ್ಡಿಗಿಂತ, ರೆಸ್ಯೂಮೆಯಲ್ಲಿ ಆ ಐದು ವಾರವನ್ನು ತೋರಿಸಲಾಗಲಿಲ್ಲವಲ್ಲ ಎಂಬುದೇ ಹೆಚ್ಚು ನೋವು ಕೊಟ್ಟಿತು. ಅಂದಿನಿಂದ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ: ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಬಿಡುವು ಎಷ್ಟು, ಆ ದಿನ ಮೇಲಿದ್ದವರು ಯಾರು. ಸಂಬಳ ತಡೆದರೆ ಸುಮ್ಮನಿರಬೇಡಿ. ಆಸ್ಟ್ರೇಲಿಯಾದಲ್ಲಿ ಫೇರ್ ವರ್ಕ್ ಒಂಬುಡ್ಸ್‌ಮನ್, ಬ್ರಿಟನ್‌ನಲ್ಲಿ ಏಕಾಸ್ ಉಚಿತವಾಗಿ ದಾರಿ ಹೇಳುತ್ತವೆ, ವೀಸಾದ ಮೇಲೆ ಇರುವವರಿಗೂ.

ಹೆಜ್ಜೆ 4: ಮೊದಲ ಕೆಲಸ

ರೆಸ್ಯೂಮೆ ಒಂದೇ ಪುಟ. ಹೆಸರಿನ ಕೆಳಗೇ ಮೂರು ಸಾಲು ಬರಲಿ: ವಾರದ ಯಾವ ದಿನ ಯಾವ ಹೊತ್ತು ಬರಬಲ್ಲಿರಿ, ವೀಸಾದಲ್ಲಿ ಎಷ್ಟು ಗಂಟೆ ಇದೆ, ಯಾವ ಪ್ರಮಾಣಪತ್ರ ಕೈಲಿದೆ. ರೋಸ್ಟರ್ ಬರೆಯುವವರಿಗೆ ಮೊದಲು ಬೇಕಾದದ್ದು ಅದೇ. ಪ್ರಮಾಣಪತ್ರ ಅಂದರೆ ಆಸ್ಟ್ರೇಲಿಯಾದಲ್ಲಿ ಮದ್ಯ ಬಡಿಸಲು ಬೇಕಾದ ಆರ್‌ಎಸ್‌ಎ, ಕೆನಡಾದ ಒಂಟಾರಿಯೊದಲ್ಲಿ ಅದಕ್ಕೇ ಬೇಕಾದ ಸ್ಮಾರ್ಟ್ ಸರ್ವ್, ಅಮೆರಿಕದಲ್ಲಿ ಆಹಾರ ಸುರಕ್ಷತೆಯ ಸರ್ವ್‌ಸೇಫ್, ಬ್ರಿಟನ್‌ನಲ್ಲಿ ಆಹಾರ ಸುರಕ್ಷತೆಯ ಲೆವೆಲ್ 2. ಹೆಚ್ಚಿನವು ಒಂದೆರಡು ದಿನದಲ್ಲಿ ಮುಗಿಯುತ್ತವೆ. ಕೆಲಸ ಹುಡುಕಲು ಹೊರಡುವ ಮೊದಲೇ ಮಾಡಿಟ್ಟುಕೊಳ್ಳಿ.

ನೇರವಾಗಿ ಹೋಗಿ ಕೇಳುವುದಾದರೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯೊಳಗೆ ಹೋಗಿ. ಊಟದ ಸರ್ವಿಸ್ ಮುಗಿದು ರಾತ್ರಿಯದು ಶುರುವಾಗುವ ಮುಂಚಿನ ಹೊತ್ತು ಅದು. ಹನ್ನೆರಡೂವರೆಗೆ ರೆಸ್ಯೂಮೆ ಹಿಡಿದು ಬಾಗಿಲಲ್ಲಿ ನಿಂತರೆ ಈ ಕೆಲಸದ ಗಂಧಗಾಳಿ ನಿಮಗಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಟ್ರಯಲ್ ಶಿಫ್ಟ್‌ಗೆ ಕರೆದರೆ ಜಾರದ ಕಪ್ಪು ಶೂ, ಎರಡು ಪೆನ್, ಚಿಕ್ಕ ನೋಟ್‌ಪ್ಯಾಡ್, ವೈನ್ ಓಪನರ್ ಒಯ್ಯಿರಿ. ಟ್ರಯಲ್ ಎಷ್ಟು ಗಂಟೆ, ಅದಕ್ಕೆ ದುಡ್ಡು ಇದೆಯೇ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಎರಡು ಕಡೆಯಿಂದ ಕರೆ ಬಂದು, ಒಂದು ಕಡೆ ಗಂಟೆಗೆ ಸ್ವಲ್ಪ ಹೆಚ್ಚು ಕೊಟ್ಟು ಇನ್ನೊಂದು ಕಡೆ ಕಲಿಸುವವರಿದ್ದರೆ, ಬಾಡಿಗೆ ಕಟ್ಟಲು ಸಾಧ್ಯವಾಗುವ ಮಟ್ಟಿಗೆ, ಕಲಿಸುವ ಕಡೆಗೇ ಹೋಗಿ. ಕಲಿಸುವ ಜಾಗವನ್ನು ಗುರುತಿಸುವುದು ಸುಲಭ. ಸ್ಟೋರ್‌ನ ಡಬ್ಬಿಗಳ ಮೇಲೆ ದಿನಾಂಕದ ಚೀಟಿ ಇರುತ್ತದೆ, ಶಿಫ್ಟ್‌ಗೆ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ ಬ್ರೀಫಿಂಗ್ ನಡೆಯುತ್ತದೆ, ತಪ್ಪಾದಾಗ ಯಾಕೆ ಎಂದು ಹೇಳುತ್ತಾರೆ.

ಪಾತ್ರೆ ತೊಳೆಯುವ ಕೆಲಸ ಸಿಕ್ಕರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಸ್ಟೂವರ್ಡಿಂಗ್ ಎನ್ನುವ ಆ ವಿಭಾಗಕ್ಕೆ ವಾಪಸ್ ಬರುವ ತಟ್ಟೆಗಳೇ ಒಂದು ಪಾಠ. ಯಾವ ಐಟಂ ಅರ್ಧ ಉಳಿದು ಬರುತ್ತಿದೆ ಎಂದು ಷೆಫ್‌ಗಿಂತ ಮೊದಲು ಕಾಣುವುದು ಅಲ್ಲಿ ನಿಂತವರಿಗೆ. ಒಮ್ಮೆ ನಾನು ಹೇಳಿದ ಇಂಥ ಒಂದು ಮಾತಿನ ಮೇಲೆ ಸೂ ಷೆಫ್ (ಮುಖ್ಯ ಷೆಫ್ ನಂತರದ ಸ್ಥಾನದವರು) ಒಂದು ಪ್ಲೇಟಿನ ಅಳತೆ ಕಡಿಮೆ ಮಾಡಿದರು. ಮರುವಾರ ನನ್ನನ್ನು ಸಲಾಡ್‌ನಂಥ ತಣ್ಣನೆಯ ತಿನಿಸು ಮಾಡುವ ಕೋಲ್ಡ್ ಸೆಕ್ಷನ್‌ಗೆ ಹಾಕಿದರು.

ಹೆಜ್ಜೆ 5: ಶಿಫ್ಟ್‌ನ ಭಾಷೆ ಕಲಿಯಿರಿ

ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವರೂ ಮೊದಲ ವಾರ ಕಿಚನ್‌ನಲ್ಲಿ ತಬ್ಬಿಬ್ಬಾಗುತ್ತಾರೆ. ಯಾರದೋ ಬೆನ್ನ ಹಿಂದೆ ಹಾಯುವಾಗ "ಬಿಹೈಂಡ್", ಬಿಸಿ ಪಾತ್ರೆ ಹಿಡಿದಿದ್ದರೆ "ಹಾಟ್", ತಿರುವಿನಲ್ಲಿ "ಕಾರ್ನರ್" ಎಂದು ಜೋರಾಗಿ ಕೂಗಲೇಬೇಕು. ನಾಚಿಕೆಯಿಂದ ಮೆಲ್ಲಗೆ ಹೇಳಿದರೆ ಯಾರಿಗೋ ಸುಡುತ್ತದೆ. ಷೆಫ್ ಆರ್ಡರ್ ಓದಿದಾಗ "ಯೆಸ್ ಷೆಫ್" ಅನ್ನುವುದು ವಿನಯಕ್ಕಲ್ಲ, ಕೇಳಿಸಿತು ಎಂದು ತಿಳಿಸಲು. ಮೀಸ್ ಆನ್ ಪ್ಲಾಸ್ ಅಂದರೆ ಸರ್ವಿಸ್‌ಗೆ ಮುಂಚೆ ಎಲ್ಲವನ್ನೂ ಹೆಚ್ಚಿ, ಅಳೆದು, ಕೈಗೆ ಸಿಗುವಂತೆ ಜೋಡಿಸಿಡುವುದು.

ತಾಪಮಾನಗಳು ಬಾಯಿಪಾಠವಾಗಿರಲಿ. ಆಸ್ಟ್ರೇಲಿಯಾದಲ್ಲಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ಅಪಾಯದ ವಲಯ, ಅಂದರೆ ಆಹಾರದಲ್ಲಿ ರೋಗಾಣು ಬೆಳೆಯುವ ತಾಪಮಾನ. ಬ್ರಿಟನ್‌ನಲ್ಲಿ ತಣ್ಣಗಿಡುವುದು 8ರ ಒಳಗೆ, ಬಿಸಿಯಾಗಿಡುವುದು 63ರ ಮೇಲೆ.

ಹೌಸ್‌ಕೀಪಿಂಗ್‌ನಲ್ಲಿ ಒಂದು ತಿಂಗಳಾದರೂ ಇರಿ ಎಂದು ಫ್ರಂಟ್ ಆಫೀಸ್ ಆಸೆಪಡುವ ಎಲ್ಲರಿಗೂ ಹೇಳುತ್ತೇನೆ. ಚೆಕ್-ಔಟ್ ಆದ ಕೋಣೆಯೊಂದನ್ನು ಮತ್ತೆ ಕೊಡುವಂತೆ ಮಾಡಲು ಅರ್ಧ ಗಂಟೆ ಹಿಡಿಯುತ್ತದೆ ಅನ್ನುವುದು ಸೊಂಟಕ್ಕೆ ಗೊತ್ತಾಗಿರಬೇಕು. ಆಗ ಮಧ್ಯಾಹ್ನ ಹನ್ನೆರಡಕ್ಕೆ ಬಂದ ಅತಿಥಿಗೆ "ಹತ್ತು ನಿಮಿಷದಲ್ಲಿ ರೆಡಿ" ಎಂಬ ಸುಳ್ಳು ಭರವಸೆ ಬಾಯಿಂದ ಬರುವುದಿಲ್ಲ.

ಹೆಜ್ಜೆ 6: ಎರಡನೇ ವರ್ಷಕ್ಕೆ ಅಂಕಿಗಳ ಹತ್ತಿರ ಹೋಗಿ

ಮೊದಲ ವರ್ಷ ಕೈ ಪಳಗುವ ವರ್ಷ. ಎರಡನೆಯದರಲ್ಲೂ ಅದೇ ಟ್ರೇ ಹಿಡಿದಿದ್ದರೆ ಓದು ಮುಗಿದಾಗ ತೋರಿಸಲು ಏನೂ ಇರುವುದಿಲ್ಲ. ನನಗೆ ದಾರಿ ತೆರೆದದ್ದು ನೈಟ್ ಆಡಿಟ್. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರ ಶಿಫ್ಟ್, ಹೆಚ್ಚಿನವರು ಬೇಡ ಎನ್ನುವಂಥದ್ದು. ಆ ಹೊತ್ತಿಗೆ ದಿನದ ಲೆಕ್ಕ ಮುಚ್ಚುತ್ತಾರೆ: ರೆಸ್ಟೋರೆಂಟ್ ಬಿಲ್‌ಗಳು ಕೋಣೆಯ ಖಾತೆಗೆ ಸೇರಿವೆಯೇ, ಕಾರ್ಡ್ ಮೊತ್ತ ತಾಳೆಯಾಗುತ್ತದೆಯೇ, ಬುಕ್ ಮಾಡಿ ಬಾರದವರು ಎಷ್ಟು. ಒಪೆರಾ ಥರದ ಹೋಟೆಲ್ ಸಾಫ್ಟ್‌ವೇರ್ ಕೈಗೆ ಹತ್ತುವುದೂ ಆಗಲೇ. ಆದರೆ ಮರುದಿನ ಬೆಳಗ್ಗೆ ತರಗತಿ ಇರುವ ರಾತ್ರಿ ಇದನ್ನು ಒಪ್ಪಿಕೊಳ್ಳಬೇಡಿ. ಹಾಜರಾತಿ ಕುಸಿದರೆ ವೀಸಾಕ್ಕೇ ಕುತ್ತು.

ಮೂರು ಅಂಕಿಗಳನ್ನು ಅರ್ಥ ಮಾಡಿಕೊಂಡರೆ ಇಂಟರ್‌ವ್ಯೂನಲ್ಲಿ ನಿಮ್ಮ ಮಾತಿನ ತೂಕವೇ ಬೇರೆ. 100 ಕೋಣೆಯ ಹೋಟೆಲ್‌ನಲ್ಲಿ 80 ಕೋಣೆ ಹೋದರೆ ಆಕ್ಯುಪೆನ್ಸಿ 80%. ಆ 80 ಕೋಣೆಗಳಿಂದ ಬಂದ 12,000ವನ್ನು 80ರಿಂದ ಭಾಗಿಸಿದರೆ ಬರುವ 150 ಸರಾಸರಿ ದರ, ಅದನ್ನು ಎಡಿಆರ್ ಎನ್ನುತ್ತಾರೆ. ಅದೇ 12,000ವನ್ನು ಖಾಲಿ ಉಳಿದವೂ ಸೇರಿ 100 ಕೋಣೆಗೆ ಹಂಚಿದರೆ 120, ಇದು ರೆವ್‌ಪಾರ್. ದರ ಇಳಿಸಿ 95 ಕೋಣೆ ತುಂಬಿಸಿ, ಎಡಿಆರ್ 120ಕ್ಕೆ ಇಳಿದರೆ ರೆವ್‌ಪಾರ್ 114. ಹೋಟೆಲ್ ಹೆಚ್ಚು ತುಂಬಿತು, ದುಡ್ಡು ಕಡಿಮೆ ಬಂತು, 15 ಕೋಣೆ ಹೆಚ್ಚು ತೊಳೆಯಬೇಕಾಯಿತು. ಈ ಲೆಕ್ಕವನ್ನು ನನಗೆ ನಮ್ಮ ರೆವೆನ್ಯೂ ಮ್ಯಾನೇಜರ್ ಕಾಫಿ ಕಪ್ಪಿನ ಪಕ್ಕದ ಟಿಶ್ಯೂ ಮೇಲೆ ಬರೆದು ತೋರಿಸಿದರು. ನಾನು ಕೇಳಿದ್ದಕ್ಕೆ ತೋರಿಸಿದರು. ಕೇಳಿ.

ಊಟೋಪಚಾರದ ಕಡೆ ಒಲವಿರುವವರು ವೈನ್‌ನ ಡಬ್ಲ್ಯುಎಸ್‌ಇಟಿ ಲೆವೆಲ್ 2 ಮಾಡಬಹುದು. ಹಲವು ದೇಶಗಳಲ್ಲಿ ಗುರುತಿಸುವ ಪ್ರಮಾಣಪತ್ರ ಅದು.

ಹೆಜ್ಜೆ 7: ಕೊನೆಯ ವರ್ಷದ ಅರ್ಜಿಗಳು

ದೊಡ್ಡ ಹೋಟೆಲ್ ಸಮೂಹಗಳಲ್ಲಿ ಪದವೀಧರರಿಗೆ ಮ್ಯಾನೇಜ್‌ಮೆಂಟ್ ಟ್ರೈನಿ ಯೋಜನೆಗಳಿವೆ. ಮ್ಯಾರಿಯಟ್‌ನ ವಾಯೇಜ್ ಅಂಥದ್ದೊಂದು. ಅರ್ಜಿ ಹಾಕುವ ಕಾಲ ಓದು ಮುಗಿಯುವುದಕ್ಕಿಂತ ಎಷ್ಟೋ ತಿಂಗಳು ಮೊದಲೇ ಬರುತ್ತದೆ, ಹಾಗಾಗಿ ಕೊನೆಯ ವರ್ಷದ ಮೊದಲ ವಾರವೇ ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಆ ದೇಶದಲ್ಲಿ ಕೆಲಸ ಮಾಡುವ ಹಕ್ಕು ಈಗಾಗಲೇ ಇರಬೇಕೆಂದು ಕೆಲವು ಕಡೆ ಕೇಳುತ್ತಾರೆ. ಅದನ್ನು ಮೊದಲು ಓದಿ, ಆಮೇಲೆ ಪ್ರಬಂಧ ಬರೆಯಲು ಕೂರಿ.

ಈಗ ಕೆಲಸ ಮಾಡುತ್ತಿರುವ ಹೋಟೆಲ್ ಒಂದು ಸಮೂಹದ್ದಾದರೆ ಆಂತರಿಕ ವರ್ಗಾವಣೆ ಎಲ್ಲಕ್ಕಿಂತ ಹತ್ತಿರದ ದಾರಿ. ಬೇರೆ ದೇಶದ ಶಾಖೆಯಲ್ಲೂ ನಿಮ್ಮ ತರಬೇತಿಯ ದಾಖಲೆ ಅವರಿಗೆ ಕಾಣುತ್ತದೆ. ಒಂದು ದೇಶದ ವೀಸಾ ಬಾಗಿಲು ಮುಚ್ಚಿದರೆ ಅಲ್ಲಿಗೇ ಮುಗಿಯಿತೆಂದು ಕೂರಬೇಕಿಲ್ಲ. ಅಮೆರಿಕದ ಜೆ-1 ಟ್ರೈನಿ ವೀಸಾದಲ್ಲಿ ಹೋಟೆಲ್ ಕ್ಷೇತ್ರಕ್ಕೆ 12 ತಿಂಗಳವರೆಗೆ ಅವಕಾಶವಿದೆ. ಕ್ರೂಸ್ ಹಡಗುಗಳು ಕೆಲವು ತಿಂಗಳ ಕಾಂಟ್ರಾಕ್ಟ್ ಮೇಲೆ ತೆಗೆದುಕೊಳ್ಳುತ್ತವೆ. ಅದಕ್ಕೆ ಎಸ್‌ಟಿಸಿಡಬ್ಲ್ಯು ಸುರಕ್ಷತಾ ತರಬೇತಿ ಬೇಕು.

ಹೆಜ್ಜೆ 8: ಬಿಡುವಾಗ

ಹೇಳದೆ ಕೇಳದೆ ಕೆಲಸ ಬಿಡಬೇಡಿ. ಕಾಂಟ್ರಾಕ್ಟ್‌ನಲ್ಲಿರುವ ನೋಟಿಸ್ ಅವಧಿ ಪೂರ್ತಿ ಮಾಡಿ. ಹೋಟೆಲ್ ಜನ ಒಂದೆಡೆ ನಿಲ್ಲುವವರಲ್ಲ. ಇವತ್ತಿನ ಸೂ ಷೆಫ್ ಎರಡು ವರ್ಷದಲ್ಲಿ ಬೇರೆ ಊರಿನಲ್ಲಿ ಎಕ್ಸಿಕ್ಯುಟಿವ್ ಷೆಫ್ ಆಗಿ ನಿಮ್ಮ ಅರ್ಜಿ ನೋಡುತ್ತಿರಬಹುದು.

ನಿಮ್ಮ ಮೇಲಿನವರು ಬೇರೆಡೆ ಹೋಗುವ ಮುಂಚೆಯೇ ಅನುಭವ ಪತ್ರ ತೆಗೆದುಕೊಳ್ಳಿ. ಹೋಟೆಲ್‌ನ ಲೆಟರ್‌ಹೆಡ್ ಮೇಲೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಸರಾಸರಿ ಎಷ್ಟು ಗಂಟೆ, ಹುದ್ದೆಯ ಹೆಸರು, ನಿಜವಾಗಿ ಮಾಡಿದ ಕೆಲಸಗಳು ನಾಲ್ಕೈದು ಸಾಲಿನಲ್ಲಿ, ಸಹಿ ಮಾಡಿದವರ ಹುದ್ದೆ ಮತ್ತು ಸಂಪರ್ಕ ಎಲ್ಲವೂ ಇರಬೇಕು. ಮುಂದೆ ವೀಸಾ ಅರ್ಜಿಗೂ ಇದನ್ನೇ ಕೇಳುವುದು. "ಒಳ್ಳೆಯ ಹುಡುಗ, ಶ್ರಮಜೀವಿ" ಎಂದಷ್ಟೇ ಬರೆದುಕೊಟ್ಟರೆ ವಂದಿಸಿ, ದಿನಾಂಕ ಮತ್ತು ಗಂಟೆಗಳನ್ನು ಸೇರಿಸಿಕೊಡುವಂತೆ ಆಗಲೇ ಕೇಳಿ. ಜೇಬಿನ ಪುಸ್ತಕ ಜೊತೆಗಿದ್ದರೆ ಲೆಕ್ಕ ಅಲ್ಲೇ ತೋರಿಸಬಹುದು.